ಬೋರಯ್ಯನ ಒದ್ದೆ ಕೈ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಮಂಜುಗಿರಿ ಎಂಬ ರಾಜ್ಯವಿತ್ತು. ವೀರಮಲ್ಲ ಎಂಬ ರಾಜ ಅದನ್ನು ಆಳುತ್ತಿದ್ದ. ಕೆಟ್ಟವನೇನಲ್ಲ. ಆದರೆ ನೆರೆಯ ರಾಜನ ಬಳಿ ಏನಿದೆಯೋ ಅದು ತನ್ನ ಬಳಿಯೂ ಇರಬೇಕು ಎನ್ನುವ ಚಟ ಅವನಿಗಿತ್ತು. ನೆರೆಯ ರಾಜನ ಬೆಟ್ಟದ ಮೇಲೆ ಒಂದು ಕೆರೆ ಇತ್ತು. ಆ ಕೆರೆಯಲ್ಲಿ ಚುಕ್ಕೆಮೀನುಗಳಿದ್ದವು. ಮೈತುಂಬ ಕೆಂಪು ಕಪ್ಪು ಚುಕ್ಕೆಗಳ ಆ ಮೀನು ಬೆಟ್ಟದ ತಣ್ಣೀರಿನಲ್ಲಲ್ಲದೆ ಬೇರೆಲ್ಲೂ ಬದುಕುತ್ತಿರಲಿಲ್ಲ. ವರ್ಷಕ್ಕೊಮ್ಮೆ ದೊಡ್ಡವರೆಲ್ಲ ಅಲ್ಲಿ ಸೇರಿ, ಗಾಳ ಹಾಕಿ, ಹಿಡಿದ ಮೀನನ್ನು ಅಲ್ಲೇ ಸುಟ್ಟು ತಿಂದು ಹಬ್ಬ ಮಾಡುತ್ತಿದ್ದರು. ಅದನ್ನು ಕಂಡು ಬಂದ ಮೇಲೆ ವೀರಮಲ್ಲನಿಗೆ ಹೊಟ್ಟೆಯುರಿಯಲ್ಲಿ ನಿದ್ದೆಯೇ ಹತ್ತಲಿಲ್ಲ.

ಅವನೂ ಎರಡು ಬೆಟ್ಟಗಳ ನಡುವೆ ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಏರಿ ಕಟ್ಟಿಸಿದ. ನೀರು ಏರತೊಡಗಿತು. ಆದರೆ ಆ ಕಣಿವೆಯ ತಳದಲ್ಲಿ ತಣ್ಣೀರಹಟ್ಟಿ ಎಂಬ ಊರಿತ್ತು. ಹಳ್ಳದಲ್ಲಿ ಮೀನು ಹಿಡಿದು ಬದುಕುವ ಜನ. ಊರು ಬಿಡಿ ಎಂದು ಡಂಗುರ ಸಾರಿದರೆ ಬಿಡುವುದಿಲ್ಲ ಎಂದರು.

ಆ ಊರಿನ ಹಿರಿಯ ಮುದ್ದಯ್ಯ. ಅವನ ತಮ್ಮ ಬೋರಯ್ಯ. ಅಪ್ಪ ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವನು ಅಣ್ಣನೇ. ಗಾಳಕ್ಕೆ ಕೋಳಿಗರಿ ಕಟ್ಟಿ, ನೊಣ ಬಂದು ಕೂತಂತೆ ಅದನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುವುದನ್ನು ಕಲಿಸಿದವನೂ ಅವನೇ. ಅದಕ್ಕಿಂತ ಮೊದಲು ಕಲಿಸಿದ್ದು ಇನ್ನೊಂದು.

"ಮೀನು ಮುಟ್ಟೋ ಮೊದಲು ಕೈ ಒದ್ದೆ ಮಾಡ್ಕೊ ತಮ್ಮಾ. ಒಣಗೈ ತಾಗಿದರೆ ಅದರ ಮೈಮೇಲಿನ ಪೊರೆ ಕಿತ್ತು ಬರುತ್ತೆ. ಆಮೇಲೆ ನೀರಿಗೆ ಬಿಟ್ಟರೂ ಅದು ಮೊದಲಿನ ಹಾಗೆ ಇರಲ್ಲ."

ತಣ್ಣೀರಹಟ್ಟಿಯವರು ಮರಿಮೀನನ್ನೂ ಮೊಟ್ಟೆಯ ಮೀನನ್ನೂ ಹಿಡಿದರೆ ಬಿಟ್ಟುಬಿಡುವವರು. ಹಾಗಾಗಿ ಆ ಊರಿನ ಮಕ್ಕಳು ಮಾತು ಕಲಿಯುವುದಕ್ಕೆ ಮೊದಲೇ ಕೈ ಒದ್ದೆ ಮಾಡಿಕೊಳ್ಳುವುದನ್ನು ಕಲಿಯುತ್ತಿದ್ದವು.

ರಾಜ ಬೋರಯ್ಯನನ್ನು ಕರೆಸಿ, ಕೆರೆಯ ಕಾವಲು ಕೊಟ್ಟು, ಏರಿಯ ಮೇಲೆ ಒಂದು ಕಲ್ಲಿನ ಮನೆ ಕೊಟ್ಟ. ಅಣ್ಣನಿಗೆ ಅದು ತಿಳಿಯಿತು.

"ನಮ್ಮೂರನ್ನ ಮುಳುಗಿಸೋ ನೀರಿಗೆ ನೀನು ಕಾವಲಾ?" ಎಂದ ಮುದ್ದಯ್ಯ.

"ಮುಳುಗೋದಂತೂ ಖಂಡಿತ ಅಣ್ಣಯ್ಯ. ಹಠ ಹಿಡಿದು ಎಲ್ಲರನ್ನೂ ಮುಳುಗಿಸಬೇಡ. ನನ್ನ ಜೊತೆ ಮೇಲೆ ಬಾ."

"ಬರಲ್ಲ."

"ಹಾಗಾದರೆ ಇನ್ನು ನನಗೆ ನಿನ್ನ ಮುಖ ತೋರಿಸಬೇಡ."

ಸಿಟ್ಟಿನಲ್ಲಿ ಬಂದ ಮಾತು. ಬೋರಯ್ಯ ಏರಿ ಹತ್ತುವಾಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಅಣ್ಣ ಹಳ್ಳದ ದಂಡೆಯಲ್ಲಿ ಇನ್ನೂ ನಿಂತಿರುವುದು ಕಾಣುತ್ತಿತ್ತು.

ಅದೇ ವಾರ ಜಂಬುಕನಾಥ ಎಂಬ ಮಂತ್ರವಾದಿ ಅರಮನೆಗೆ ಬಂದ. "ಮಹಾರಾಜ, ನಿನ್ನ ಕೆರೆಗೆ ಚುಕ್ಕೆಮೀನು ತುಂಬಿಸಿಕೊಡುತ್ತೇನೆ. ಮೂರು ವರ್ಷ ಸಾಕಿ, ಆಮೇಲೆ ಹಬ್ಬ ಮಾಡು. ಎಲ್ಲಿಂದ ತಂದೆ ಎಂದು ಮಾತ್ರ ಕೇಳಬೇಡ" ಎಂದ. ಆಸೆ ಬಿದ್ದವನು ಏನನ್ನು ಕೇಳುತ್ತಾನೆ? ರಾಜ ಕೇಳಲಿಲ್ಲ. ಮರುದಿನ ನೋಡಿದರೆ ಕೆರೆಯ ತುಂಬ ಮೀನು, ತಣ್ಣೀರಹಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮುನಿಸಿಕೊಂಡು ಬೆಟ್ಟ ದಾಟಿ ಹೋಗಿರಬೇಕು ಎಂದರು ಎಲ್ಲರೂ. ಬೋರಯ್ಯನೂ ಹಾಗೆಂದೇ ನಂಬಿದ. ಖಾಲಿ ಮನೆಗಳ ಮೇಲೆ ನೀರು ನಿಂತಿತು.

ಮೂರು ವರ್ಷ ಅವನು ಆ ಮೀನುಗಳನ್ನು ಸಾಕಿದ. ರಾಗಿಹಿಟ್ಟು, ತೌಡು ಕಲಸಿ ಉಂಡೆ ಕಟ್ಟಿ ಎರಡು ಹೊತ್ತೂ ಎಸೆಯುತ್ತಿದ್ದ. ದೊಡ್ಡದೊಂದು ಮೀನು ದಿನವೂ ಅವನ ಕಾಲ ಬಳಿಯ ತನಕ ಬಂದು ಸುತ್ತುತ್ತಿತ್ತು. ಅದಕ್ಕೊಂದು ಉಂಡೆ ಹೆಚ್ಚಿಗೆ ಹಾಕಿ, ಅಲ್ಲೇ ಕೂತು ಬೋರಯ್ಯ ಅಣ್ಣನನ್ನು ಬೈಯುತ್ತಿದ್ದ. "ಹೋಗುವಾಗ ಒಂದು ಮಾತು ಹೇಳಿ ಹೋಗಲಿಲ್ಲ, ಕಲ್ಲು ಮನಸ್ಸಿನವನು" ಎನ್ನುತ್ತಿದ್ದ. ಪಾಪ, ಆ ಬೈಗುಳವನ್ನೆಲ್ಲ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಹಬ್ಬ ನಾಳೆ ಎನ್ನುವಾಗ ರಾಜನಿಂದ ಅಪ್ಪಣೆ ಬಂತು: ಒಂದು ಮೀನು ಹಿಡಿದು, ಸರಿಯಾಗಿ ಬೆಳೆದಿದೆಯೋ ನೋಡು. ಬೋರಯ್ಯ ಬೆಳಗಿನ ಮಂಜಿನಲ್ಲಿ ಬಿದಿರಿನ ಕೋಲು ಹಿಡಿದು ಕೋಳಿಗರಿಯ ಗಾಳ ಬೀಸಿದ. ಅದು ನೀರು ಮುಟ್ಟಿತೋ ಇಲ್ಲವೋ, ಆ ದೊಡ್ಡ ಮೀನು ನುಗ್ಗಿ ಬಂದು ಕಚ್ಚಿತು. ಎಳೆದಾಡಲಿಲ್ಲ, ಒದ್ದಾಡಲಿಲ್ಲ. ಬೋರಯ್ಯ ಎರಡೂ ಕೈಯನ್ನು ನೀರಿನಲ್ಲಿ ಅದ್ದಿ, ಅದನ್ನು ಎತ್ತಿ, ಗಾಳ ಬಿಡಿಸಿದ.

ಮೀನು ಮಾತಾಡಿತು. "ಕೈ ಒದ್ದೆ ಮಾಡ್ಕೊಂಡೆಯಲ್ಲ ತಮ್ಮಾ. ಮರೆತಿಲ್ಲ ನೀನು."

ಬೋರಯ್ಯ ಮೀನನ್ನು ಮುಖದ ಹತ್ತಿರಕ್ಕೆ ತಂದ. "ಅಣ್ಣಯ್ಯ" ಎಂದ. "ಇಷ್ಟು ದಿನ ಒಂದು ಮಾತೂ ಆಡಲಿಲ್ಲವಲ್ಲ?"

"ಮನುಷ್ಯರ ಕೈಯಲ್ಲಿದ್ದಾಗ ಮಾತ್ರ ನಮಗೆ ಬಾಯಿ ಬರೋದು. ನೀನು ಗಾಳ ಹಾಕೋದನ್ನೇ ಕಾಯ್ತಿದ್ದೆ" ಎಂದ ಮುದ್ದಯ್ಯ. ಜಂಬುಕನಾಥನ ಮಂತ್ರಕ್ಕೆ ಸಿಕ್ಕಿ ತಣ್ಣೀರಹಟ್ಟಿಯವರೆಲ್ಲ ಮೀನಾಗಿ ಈ ಕೆರೆಯಲ್ಲೇ ಇದ್ದಾರೆ ಎಂದ. ನಾಳೆ ಹಬ್ಬದಲ್ಲಿ ಅವರನ್ನು ಯಾರು ತಿಂದರೂ ಅವರ ಉಳಿದ ಆಯುಸ್ಸು ಜಂಬುಕನಾಥನಿಗೆ ಸೇರುತ್ತದೆ ಎಂದ.

"ಬಿಡಿಸೋದು ಹೇಗೆ, ಹೇಳು."

"ನಮ್ಮೂರಿನವನೇ ಒಬ್ಬ ನಮ್ಮನ್ನ ಏರಿ ದಾಟಿಸಿ, ಕೆಳಗಿನ ಹರಿಯೋ ನೀರಿಗೆ ಬಿಡಬೇಕು. ಪಾತ್ರೆ ಬುಟ್ಟಿ ಕೂಡದು, ಕೈಯಲ್ಲೇ ಒಯ್ಯಬೇಕು. ನೀರೊಳಗೆ ಹಿಡಿದರೆ ಮಂತ್ರ ಬಿಡಲ್ಲ. ನಾವೇ ಈ ಪಾಚಿಗಲ್ಲಿನ ಮೇಲೆ ಹಾರಿ ಬೀಳ್ತೇವೆ, ನೀನು ಎತ್ತಿಕೊ. ಸೂರ್ಯ ಮುಳುಗೋದರೊಳಗೆ ಆಗಬೇಕು. ಕೈ ಮಾತ್ರ ಒದ್ದೆ ಇರಲಿ. ನಮ್ಮ ಮನುಷ್ಯ ರೂಪ ಈ ಪೊರೆಗೇ ಅಂಟಿಕೊಂಡಿದೆ. ಪೊರೆ ಹೋದರೆ ಅದೂ ಹೋಯ್ತು. ದಾರಿಯಲ್ಲಿ ಅವನು ಮೂರು ಕಾವಲು ಇಟ್ಟಿದ್ದಾನೆ. ಒಂದು ನೀರುನಾಯಿ, ಒಂದು ಕೊಕ್ಕರೆ. ಮೂರನೆಯದು ಏನು ಅಂತ ನಮ್ಮಲ್ಲಿ ಯಾರೂ ನೋಡಿಲ್ಲ."

"ಮೊದಲು ನಿನ್ನನ್ನೇ ದಾಟಿಸ್ತೀನಿ ಅಣ್ಣಯ್ಯ."

"ಊರಿಗೆ ಹಿರಿಯ ನಾನು. ನಾನು ಕೊನೆಗೆ" ಎಂದು ಮುದ್ದಯ್ಯ ಕೈಯಿಂದ ಜಾರಿ ನೀರಿಗಿಳಿದ. ಮೀನಾದರೂ ಹಠ ಹೋಗಿರಲಿಲ್ಲ.

ಮೊದಲ ಮೀನನ್ನು ಎತ್ತಿಕೊಂಡು ಬೋರಯ್ಯ ಏರಿಯ ಬುಡಕ್ಕೆ ಬಂದಾಗ ನೀರುನಾಯಿ ಅಡ್ಡ ನಿಂತಿತು. ಎಮ್ಮೆಯಷ್ಟು ದೊಡ್ಡದು, ಕೆಂಡದಂಥ ಕಣ್ಣು. "ನಾಲ್ಕು ಮೀನಿಗೆ ಒಂದು ಮೀನು ನನಗೆ. ಸಣ್ಣದಾದರೂ ಸರಿ, ಯಾರಿಗೆ ಗೊತ್ತಾಗುತ್ತೆ?" ಎಂದಿತು.

ಬೋರಯ್ಯ ನಗದೆ ಹೇಳಿದ, "ಮೂರು ವರ್ಷ ನನ್ನ ಉಂಡೆಗಳನ್ನ ಕದ್ದು ತಿಂದವನು ನೀನೇ ಅಲ್ಲವಾ? ಕದಿಯೋದು ಯಾಕೆ, ಮನೆ ಬಾಗಿಲು ತೆಗೆದಿದೆ. ಹಬ್ಬಕ್ಕೆ ಕಟ್ಟಿಟ್ಟ ಉಂಡೆಗಳೆಲ್ಲ ಅಲ್ಲೇ ಇವೆ. ಹೋಗಿ ಹೊಟ್ಟೆ ತುಂಬ ತಿನ್ನು."

ಆ ನೀರುನಾಯಿಯನ್ನು ಅದರ ಜನ್ಮದಲ್ಲಿ ಯಾರೂ ಊಟಕ್ಕೆ ಕರೆದಿರಲಿಲ್ಲ. ಅದು ನಾಚಿಕೊಂಡು ಒಳಗೆ ಹೋಯಿತು, ಉಂಡೆಯ ಮೂಟೆ ಖಾಲಿ ಮಾಡಿತು, ಹೊಸಿಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು.

ಏರಿಯ ನೆತ್ತಿಯಲ್ಲಿ ಕೊಕ್ಕರೆ ನಿಂತಿತ್ತು. ಕಬ್ಬಿಣದ ಕೊಕ್ಕು, ಕಬ್ಬಿಣದ ಕಾಲು. "ನನ್ನ ಹಾಗೆ ಅಲುಗದೆ ನಿಲ್ಲು. ಮೊದಲು ಅಲುಗಿದವನು ಸೋತ. ನೀನು ಸೋತರೆ ನಿನ್ನ ಕಣ್ಣು ನನ್ನದು" ಎಂದಿತು. ಬೋರಯ್ಯ ಕೈಯಲ್ಲಿದ್ದ ಮೀನನ್ನು ಕೆರೆಗೆ ಬಿಟ್ಟು ಬಂದು ನಿಂತ. ಒಂದೇ ಮೀನಿಗಾಗಿ ಇಡೀ ದಿನ ಉಸಿರು ಬಿಗಿಹಿಡಿದು ಕೂತು ಬೆಳೆದವನು ಅವನು. ನೊಣ ಮೂಗಿನ ಮೇಲೆ ಕೂತರೂ ಅಲುಗಲಿಲ್ಲ. ಕೊಕ್ಕರೆಯೂ ಅಲುಗಲಿಲ್ಲ. ಬಿಸಿಲು ಏರಿತು. ಕಲ್ಲಿನ ಸಂದಿನಿಂದ ಒಂದು ಕಪ್ಪೆಮರಿ ಹೊರಗೆ ಇಣುಕಿತು. ಕೊಕ್ಕರೆಯ ಕತ್ತು ತಂತಾನೇ ತಿರುಗಿತು. ಸೋತ ಕೊಕ್ಕರೆ ತುಕ್ಕು ಹಿಡಿದು ಪುಡಿಪುಡಿಯಾಗಿ ಉದುರಿತು.

ಆಮೇಲೆ ಬೋರಯ್ಯ ಓಡಿದ. ಕೆರೆಯಲ್ಲಿ ಮೊಣಕೈವರೆಗೆ ಕೈ ಅದ್ದುವುದು, ಪಾಚಿಗಲ್ಲಿನ ಮೇಲೆ ಬಿದ್ದ ಮೀನನ್ನು ಎತ್ತುವುದು, ಏರಿ ಹತ್ತಿ ಇಳಿದು ಹಳ್ಳಕ್ಕೆ ಬಿಡುವುದು. ಹರಿಯುವ ನೀರು ಮುಟ್ಟಿದೊಡನೆ ಮೀನು ಮನುಷ್ಯನಾಗಿ ಕೆಮ್ಮುತ್ತ ಎದ್ದು ನಿಲ್ಲುತ್ತಿತ್ತು. ಮುದುಕಿಯೊಬ್ಬಳು ದಾರಿಯುದ್ದಕ್ಕೂ "ಮೆಲ್ಲಗೆ ಓಡೋ, ನನ್ನೆದೆ ಹೊಡ್ಕೊಳ್ತಿದೆ" ಎಂದು ಗದರಿದಳು. ಮುದ್ದಯ್ಯನ ಹೆಂಡತಿ ದೇವೀರಮ್ಮ ನೀರಿನಿಂದ ಎದ್ದವಳೇ ಗಂಡನಿಗೆಂದು ದಾರಿಯಲ್ಲಿ ಹೋಗುತ್ತಿದ್ದ ಕುರಿಗಾಹಿಯ ಒಣ ಕಂಬಳಿ ಕೇಳಿ ಇಸಿದುಕೊಂಡು, ದಂಡೆಯಲ್ಲಿ ನಿಂತು ಏರಿಯತ್ತ ನೋಡತೊಡಗಿದಳು.

ಬೆಟ್ಟದ ನೀರು ಬೆಂಕಿಯಷ್ಟೇ ಸುಡುತ್ತದೆ. ಇಳಿಹೊತ್ತಿಗೆ ಬೋರಯ್ಯನ ಕೈ ನೀಲಿಗಟ್ಟಿ, ಬೆರಳು ಮಡಚಲು ಬಾರದಂತಾಯಿತು. ಕೊನೆಯದರ ಹಿಂದಿನ ಮೀನು ಕೈಯಿಂದ ಜಾರಿ, ಹಳ್ಳದ ಅಂಚಿನಲ್ಲಿ ಹೇಗೋ ನೀರಿಗೇ ಬಿತ್ತು. ಇನ್ನು ಉಳಿದವನು ಅಣ್ಣ ಒಬ್ಬನೇ.

ದಂಡೆಯ ಜನರ ನಡುವೆ ಒಬ್ಬ ಅಜ್ಜಿ ಅಗ್ಗಿಷ್ಟಿಕೆ ಇಟ್ಟುಕೊಂಡು ಕೂತಿದ್ದಳು. ಆ ಮನೆಯವರು ಈ ಮನೆಯ ಅಜ್ಜಿ ಎಂದುಕೊಂಡಿದ್ದರು, ಈ ಮನೆಯವರು ಆ ಮನೆಯ ಅಜ್ಜಿ ಎಂದುಕೊಂಡಿದ್ದರು.

"ಬಾ ಮಗಾ" ಎಂದಳು ಅಜ್ಜಿ. "ಕೈ ನೋಡು, ಕಟ್ಟಿಗೆ ಆಗಿದೆ. ಈ ಕೈಯಲ್ಲಿ ಅಣ್ಣನ್ನ ಎತ್ತಿದರೆ ಜಾರಿ ಕಲ್ಲಿನ ಮೇಲೆ ಬೀಳ್ತಾನೆ. ಒಂದು ಗಳಿಗೆ ಕಾಯಿಸ್ಕೊ, ಗಟ್ಟಿಯಾಗಿ ಹಿಡ್ಕೊಬಹುದು."

ಹೆದರಿಸಿದ್ದರೆ ಬೋರಯ್ಯ ಹೆದರುತ್ತಿರಲಿಲ್ಲ. ಆಸೆ ತೋರಿಸಿದ್ದರೆ ಬೀಳುತ್ತಿರಲಿಲ್ಲ. ಅಣ್ಣನನ್ನು ಬೀಳಿಸಿಬಿಟ್ಟೇನು ಎಂಬ ಭಯ ಅವನಿಗೆ ಮೊದಲೇ ಇತ್ತು, ಅಜ್ಜಿ ಅದನ್ನೇ ಬಾಯಿಬಿಟ್ಟು ಹೇಳಿದಳು. ಅವನು ಕೆಂಡದ ಮೇಲೆ ಕೈ ಚಾಚಿದ. ಬೆರಳಿಗೆ ಜೀವ ಬಂತು. ತಲೆಯೆತ್ತಿದರೆ ಸೂರ್ಯ ಬೆಟ್ಟದ ಅಂಚು ಮುಟ್ಟಿದ್ದ.

ಓಡಿದ. ಮುದ್ದಯ್ಯ ಬೆಳಕು ಹೋಗುವುದನ್ನು ಕಂಡು ಆಗಲೇ ಪಾಚಿಗಲ್ಲಿನ ಮೇಲೆ ಹಾರಿ ಬಿದ್ದು ಬಾಯಿ ತೆರೆದು ಮಲಗಿದ್ದ. ಅಣ್ಣ ನೀರಿಲ್ಲದೆ ಒದ್ದಾಡುವುದನ್ನು ನೋಡಿದ ಬೋರಯ್ಯನಿಗೆ ಬೇರೇನೂ ತೋಚಲಿಲ್ಲ. ಬಾಚಿ ಎತ್ತಿ ಎದೆಗೆ ಹತ್ತಿರ ಹಿಡಿದು ಏರಿ ಹತ್ತಿದ. ಈ ಸಲ ಹಿಡಿತ ಗಟ್ಟಿಯಾಗಿತ್ತು, ಒಂದಿಷ್ಟೂ ಜಾರಲಿಲ್ಲ.

ಏರಿಯ ನೆತ್ತಿಯಲ್ಲಿ ಮುದ್ದಯ್ಯ ಮೆಲ್ಲಗೆ ಹೇಳಿದ, "ಕೈ ಬೆಚ್ಚಗಿದೆ ತಮ್ಮಾ."

ಕೈ ಅದ್ದದೆ ಒಣಗೈಯಲ್ಲೇ ಎತ್ತಿದ್ದು ಆಗ ಬೋರಯ್ಯನಿಗೆ ಗೊತ್ತಾಯಿತು. ನಿಂತರೆ ಅಣ್ಣ ಉಳಿಯುವುದಿಲ್ಲ, ಓಡಿದರೆ ಅಣ್ಣ ಮನುಷ್ಯನಾಗುವುದಿಲ್ಲ. ಅಳುತ್ತಲೇ ಇಳಿದು, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಹರಿಯುವ ನೀರಿಗೆ ಬಿಟ್ಟ. ಮೀನು ನೀರೊಳಗೆ ಒಮ್ಮೆ ಮಗ್ಗುಲಾಗಿ ಮತ್ತೆ ನೆಟ್ಟಗಾಯಿತು. ಮೀನಾಗಿಯೇ ಉಳಿಯಿತು. ಅದರ ಎರಡೂ ಪಕ್ಕದಲ್ಲಿ ಚುಕ್ಕೆಗಳು ಅಳಿಸಿಹೋಗಿ ಬೋರಯ್ಯನ ಅಂಗೈಗಳು ಬೆಳ್ಳಗೆ ಮೂಡಿದ್ದವು.

ಆದರೂ ಕೆರೆಯಲ್ಲಿ ಇನ್ನು ಒಂದು ಜೀವವೂ ಉಳಿದಿರಲಿಲ್ಲ. ಜಂಬುಕನಾಥನ ಬಲವೆಲ್ಲ ಆ ಕೆರೆಯಲ್ಲಿತ್ತು. ಮೂರನೆಯ ಕಾವಲಾಗಿ ಕೂತಿದ್ದ ಅಜ್ಜಿಯ ಸೀರೆಯೊಳಗಿಂದ ಅವನ ಗಡ್ಡ ಒಮ್ಮೆ ಕಾಣಿಸಿತು. ಅವನು ಕೂತಲ್ಲೇ ಸೊರಗಿ, ತನ್ನದೇ ಅಗ್ಗಿಷ್ಟಿಕೆಯ ಬೂದಿಯಾದ. ಯಾರೋ ಅದನ್ನು ಕಾಲಿನಿಂದ ಒದ್ದು ಕೆಡವಿದರು.

ದೇವೀರಮ್ಮ ಕಂಬಳಿ ಹಿಡಿದು ಇನ್ನೂ ನಿಂತಿದ್ದಳು. ಬೋರಯ್ಯ ಅವಳ ಕಾಲಿಗೆ ಬಿದ್ದ. "ನನ್ನ ಬೈಯಿರಿ ಅತ್ತಿಗೆ" ಎಂದ.

"ಬೈಯೋಕೆ ಬಾಯಿ ಬರ್ತಿಲ್ಲ ಬೋರಯ್ಯ" ಎಂದಳು ಅವಳು. ಆ ಕಂಬಳಿಯನ್ನು ಅವನಿಗೇ ಹೊದಿಸಿದಳು.

ಮರುದಿನ ಗಾಳದ ಕೋಲುಗಳನ್ನು ಹಿಡಿಸಿಕೊಂಡು, ಅತಿಥಿಗಳನ್ನು ಕರೆದುಕೊಂಡು ಬಂದ ವೀರಮಲ್ಲ ಕತೆ ಕೇಳಿ ತಲೆ ತಗ್ಗಿಸಿದ. ಏರಿಯ ಕೆಳಗೆ ಹಳ್ಳದ ದಂಡೆಯಲ್ಲಿ ತಣ್ಣೀರಹಟ್ಟಿಯನ್ನು ಮತ್ತೆ ಕಟ್ಟಿಸಿಕೊಟ್ಟ. ನೆರೆಯ ರಾಜನನ್ನು ಬಾಯಿಬಿಟ್ಟು ಕೇಳಿ, ನಿಜವಾದ ಮೀನುಮರಿಗಳನ್ನು ಮಡಕೆಗಳಲ್ಲಿ ಹೊರಿಸಿ ತಂದು ಕೆರೆಗೆ ಬಿಡಿಸಿದ. ಅಲ್ಲಿ ಗಾಳ ಹಾಕುವವರು ಮೀನು ಮುಟ್ಟುವ ಮೊದಲು ಕೈ ಅದ್ದುವುದು ಆಗ ಬಂದ ರೂಢಿ. ನೀರುನಾಯಿ ಬೋರಯ್ಯನ ಮನೆಯಲ್ಲೇ ಉಳಿದು ಕೊಬ್ಬಿತು. ಮಕ್ಕಳು ಹುಟ್ಟಿದವು, ಮದುವೆಗಳಾದವು, ಮಂಜುಗಿರಿಯಲ್ಲಿ ಎಲ್ಲರೂ ನಕ್ಕು ನಲಿದು ಬಾಳಿದರು. ಬೋರಯ್ಯನೂ ಹಾಗೇ ಬಾಳಿದ ಎಂದು ಸೇರಿಸಿ ಕತೆ ಮುಗಿಸುವವರಿದ್ದಾರೆ. ಅದು ಸುಳ್ಳು.

ಅವನು ದಿನವೂ ಸಂಜೆ ಹಳ್ಳದ ಮಡುವಿಗೆ ಹೋಗಿ ಎರಡೂ ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಕೂರುತ್ತಿದ್ದ. ಬೆಳ್ಳನೆಯ ಗುರುತಿನ ಮೀನು ಮೆಲ್ಲಗೆ ಬಂದು ಅವನ ಅಂಗೈಗಳ ನಡುವೆ ನಿಲ್ಲುತ್ತಿತ್ತು. ಮಾತು ಮತ್ತೆ ಬರಲಿಲ್ಲ. ಮುಖ ತೋರಿಸಬೇಡ ಎಂದಿದ್ದ ತಮ್ಮ ಆ ಮುಖವನ್ನು ನೆನಪು ಮಾಡಿಕೊಳ್ಳುತ್ತ, ಕೈಯ ಬಿಸಿಯೆಲ್ಲ ಇಳಿದು ನೀರಿನಷ್ಟೇ ತಣ್ಣಗಾಗುವವರೆಗೆ ಅಲ್ಲೇ ಕೂತಿರುತ್ತಿದ್ದ.