ಹಸೀಬಾ ಮೇಡಂ ದನಿಯಲ್ಲಿ ಬಂದ ಸುಳ್ಳು

ಬೆಟ್ಟಯ್ಯ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ ಸುದ್ದಿ ಬಂದಾಗ ರೋಹಿದಾಸ ಹಸೀಬಾ ಮೇಡಂ ಕೋಣೆಯಲ್ಲೇ ಇದ್ದ. ಕೊಲ್ಲಿ ನಾಡಿನ ಮಂಗಫ್‌ನಲ್ಲಿರುವ ರಿಫೈನರಿ ಕೆಲಸಗಾರ ಬೆಟ್ಟಯ್ಯ, ವಾಟ್ಸಾಪ್‌ನಲ್ಲಿ ಬಂದ ಧ್ವನಿ ಸಂದೇಶ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದ. ಆ ದನಿ ಬೇರೆ ಯಾರದ್ದೂ ಅಲ್ಲ, ಮೇಡಂ ಅವರದ್ದೇ!

"ಸಕ್ಕರೆ ಹತೋಟಿಗೆ ಬಂತಲ್ಲ, ಇನ್ನು ಮಾತ್ರೆ ನಿಲ್ಲಿಸಿ."

ಅದರ ಬೆನ್ನಿಗೇ ಒಂದು ಗಿಡಮೂಲಿಕೆ ಪುಡಿಯ ಜಾಹೀರಾತು.

ಆರೋಗ್ಯದ ಮಾತು ಮೊಬೈಲಿನಲ್ಲಿ ಜನರನ್ನು ಹೇಗೆ ಮುಟ್ಟುತ್ತದೆ, ಎಲ್ಲಿ ಕೆಡುತ್ತದೆ ಎಂಬುದೇ ಹಸೀಬಾ ಅವರ ಸಂಶೋಧನೆ. ಅದನ್ನೇ ಅವರು ಅಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದರು. ಎಂಥ ಗಾಳಿಸುದ್ದಿಯನ್ನೂ ಅದು ಹುಟ್ಟಿದ ಜಾಗದವರೆಗೆ ಬೆನ್ನಟ್ಟುವ ಅವರನ್ನು ಎಲ್ಲರೂ 'ವಿಭಾಗದ ಪತ್ತೇದಾರ' ಎನ್ನುತ್ತಿದ್ದರು. ಅವರ ಸಹಾಯಕ ಎನ್ನಿಸಿಕೊಳ್ಳುವುದು ರೋಹಿದಾಸನಿಗೆ ಹೆಮ್ಮೆ.

ವಿಭಾಗದ ಮುಖ್ಯಸ್ಥ ಶ್ಯಾಮಸುಂದರ್ ತಂಡವನ್ನು ಕರೆಸಿ, ಕಾರ್ಮಿಕರಿಗೆ ಮೇಡಂ ದನಿಯಲ್ಲಿ ಆರೋಗ್ಯ ಸಂದೇಶ ಕಳಿಸುವ ಯೋಜನೆಯನ್ನೇ ನಿಲ್ಲಿಸಬೇಕಾದೀತು ಎಂದರು.

"ಕಂಪ್ಯೂಟರಿನಲ್ಲಿ ಮೇಡಂ ದನಿಯನ್ನು ನಕಲು ಮಾಡಿದ್ದಾರೆ," ಎಂದ ಧ್ವನಿಮುದ್ರಣದ ಎಡ್ವರ್ಡ್.

ಕಾರ್ಮಿಕರ ಗುಂಪುಗಳಿಗೆ ಸಂದೇಶ ಕಳಿಸುವ ಮಧುಸೂದನ್ ಸಿಡುಕಿದ. "ಯಾರೋ ಅರ್ಧ ವಾಕ್ಯ ಹರಿಬಿಟ್ಟರೆ ಇಡೀ ಯೋಜನೆ ಮುಚ್ಚಬೇಕಾ ಸಾರ್?"

"ಸಂಜೆಯೊಳಗೆ ಉತ್ತರ ಸಿಗದಿದ್ದರೆ ಖಲಾಸ್," ಎಂದರು ಶ್ಯಾಮಸುಂದರ್.

ಕೋಣೆಗೆ ಮರಳಿದ ಹಸೀಬಾ ಸಂದೇಶವನ್ನು ಮತ್ತೆ ಮತ್ತೆ ಕೇಳಿದರು. "ರೋಹಿದಾಸ್, 'ನಿಲ್ಲಿಸಿ' ಅನ್ನುವಾಗ ನನ್ನ ದನಿ ಇಳಿಯಿತಾ?"

"ಇಲ್ಲ ಮೇಡಂ. ಮುಂದೆ ಇನ್ನೇನೋ ಹೇಳುವ ಹಾಗಿದೆ."

"ಹಾಗಾದರೆ ಮಾತ್ರೆ ಬಗ್ಗೆ ನಾವು ಮೊದಲು ಮುದ್ರಿಸಿದ ಕರಡು ಹಾಕಿ."

ರೋಹಿದಾಸ ಅದನ್ನು ಹಾಕಿ, ಬೆಚ್ಚಿ ಮೇಡಂ ಕಡೆ ನೋಡಿದ. ಹೊರಗೆ ಕಳಿಸದ ಆ ಕರಡಿನ ಪ್ರತಿ ಮೇಡಂ ಬಿಟ್ಟರೆ ಇದ್ದದ್ದು ಮೂವರ ಬಳಿ: ಎಡ್ವರ್ಡ್, ಮಧುಸೂದನ್, ಮತ್ತೆ ಅವನೇ.

ಸಂಜೆ ಎಲ್ಲರೂ ಸೇರಿದರು. ಹಸೀಬಾ ಕರಡನ್ನು ಕೇಳಿಸಿದರು: "ಸಕ್ಕರೆ ಹತೋಟಿಗೆ ಬಂತಲ್ಲ, ಇನ್ನು ಮಾತ್ರೆ ನಿಲ್ಲಿಸಿ ಅಂತ ಯಾರು ಹೇಳಿದರೂ ನಂಬಬೇಡಿ."

"ಇದು ನಕಲಿ ದನಿಯಲ್ಲ. ನನ್ನದೇ ದನಿ, ಬಾಲ ಕತ್ತರಿಸಿದ್ದಾರೆ," ಎಂದರು. "ಪೂರ್ತಿ ಕೇಳದವರು ತಪ್ಪು ತಿಳಿಯುತ್ತಾರೆಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಈ ಕರಡು ಬಿಟ್ಟು, 'ಮಾತ್ರೆ ಬಿಡಬೇಡಿ' ಎಂದೇ ಶುರುವಾಗುವ ಸಂದೇಶ ಕಳಿಸಿದೆವು. ಹಾಗಾಗಿ ಕತ್ತರಿಸಿದವರು ಈ ಕೋಣೆಯಲ್ಲೇ ಇದ್ದಾರೆ. ಬೆಳಗ್ಗೆ ನಾನೂ ಸೇರಿ ಎಲ್ಲರೂ ಇದನ್ನು ಪೂರ್ತಿ ಸಂದೇಶ ಅಂದುಕೊಂಡಿದ್ದೆವು. ಒಬ್ಬರು ಮಾತ್ರ 'ಅರ್ಧ ವಾಕ್ಯ' ಅಂದರು."

ಎಲ್ಲರ ಕಣ್ಣುಗಳೂ ಮಧುಸೂದನನತ್ತ ತಿರುಗಿದವು.

"ಆ ಪುಡಿ ಯಾರದ್ದು, ಮಧು?"

ಅವನ ತಲೆ ತಗ್ಗಿತು. "ನನ್ನ ಭಾವನದ್ದು. ಫರ್ವಾನಿಯಾದಲ್ಲಿ ಅಂಗಡಿ ಇದೆ. ನಿಮ್ಮ ದನಿ ಅಂದರೆ ಜನ ಕಣ್ಣುಮುಚ್ಚಿ ನಂಬುತ್ತಾರೆ ಮೇಡಂ..."

"ಆ ನಂಬಿಕೆಯನ್ನೇ ಮಾರಿಬಿಟ್ಟಿರಿ," ಎಂದ ಹಸೀಬಾ ಅವರ ದನಿ ಆಗ ಮಾತ್ರ ನಡುಗಿತು.

ಬೆಟ್ಟಯ್ಯನಿಗೆ ಪ್ರಜ್ಞೆ ಬಂದಿದೆಯೆಂದು ಅಷ್ಟರಲ್ಲಿ ಫೋನ್ ಬಂತು. ಶ್ಯಾಮಸುಂದರ್ ನಿಟ್ಟುಸಿರುಬಿಟ್ಟರು. "ಯೋಜನೆ ನಿಲ್ಲುವುದಿಲ್ಲ. ತಿದ್ದುಪಡಿಯ ಸಂದೇಶ ಈಗಲೇ ಕಳಿಸೋಣ."

"ಕಳಿಸೋಣ ಸಾರ್. ಆದರೆ ನಾನೇ ಹೋಗಿ ಎದುರಿಗೆ ನಿಂತೂ ಹೇಳುತ್ತೇನೆ. ರೋಹಿದಾಸ್, ಯಲ್ಲಾ, ಹೊರಡೋಣ!"

ಮಂಗಫ್‌ನಲ್ಲಿ ಕಂಪನಿ ಬಸ್ಸಿನಿಂದ ಇಳಿದವರೆಲ್ಲ ಅವರನ್ನು ಸುತ್ತುವರಿದರು. "ಇವರು ಯಾರು ಭಾಯಿ?" ಎಂದು ಒಬ್ಬ ಕೇಳಿದ.

ರೋಹಿದಾಸ ಎದೆಯುಬ್ಬಿಸಿ ಹೇಳಿದ: "ನಮ್ಮ ಮೇಡಂ. ಇವರ ಮಾತು ಕೊನೆಯವರೆಗೂ ಕೇಳಿ."