ಕಮರಿಯ ಅಂಚಿನ ನೀಲಿ ಗುರುತು

ಮೇ 19, ಭಾನುವಾರ, ಬೆಳಿಗ್ಗೆ 10.52. ಬ್ರಿಡ್ಜ್‌ವಾಟರ್ ಹತ್ತಿರದ ಪಾರ್ಕ್ ಪೊಲೀಸ್ ಠಾಣೆಯಲ್ಲಿ ಫೋನ್ ಎತ್ತಿದ್ದು ಡಿಟೆಕ್ಟಿವ್ ಜಕಿಯಾ. ಮೈಸೂರಿನ ಹುಡುಗಿ, ಹತ್ತು ವರ್ಷದವಳಿದ್ದಾಗ ಅಮೆರಿಕಕ್ಕೆ ಬಂದವಳು.

"ಕಮರಿ ಟ್ರೇಲ್‌ನಲ್ಲಿ ರಮಾಮಣಿ ಆಂಟಿ ಬಿದ್ದಿದ್ದಾರೆ, ಸೊಂಟ ಮುರಿದಿರ್ಬೇಕು. ದಾರಿ ಗುರುತು ಯಾರೋ ಬದಲಾಯಿಸಿದ್ದಾರೆ, ಮೇಡಂ!" ಕನ್ನಡ ಹೈಕಿಂಗ್ ಗುಂಪಿನ ಶಿವ್ ಏದುಸಿರು ಬಿಡುತ್ತಿದ್ದ.

11.40ಕ್ಕೆ ಆಫೀಸರ್ ರೂಸೋ ಜತೆ ಜಕಿಯಾ ಅಲ್ಲಿದ್ದಳು. ಇಪ್ಪತ್ತು ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣ್ಣಗಾಗಿ, ಕಂಬ ಕಂಬವಾಗಿ ಸೀಳಿ ನಿಂತ ಕಪ್ಪು ಕಲ್ಲಿನ ಕಮರಿ ಅದು. ದಾರಿ ತಪ್ಪದಿರಲಿ ಎಂದು ಮರಕ್ಕೆ, ಬಂಡೆಗೆ ನೀಲಿ ಪಟ್ಟಿ ಬಳಿದಿರುತ್ತಾರೆ. ಅಸಲು ದಾರಿ ಎಡಕ್ಕೆ ತಿರುಗಿ, ಎರಡಡಿ ಅಗಲದ ಕಲ್ಲಂಚಿನ ಮೇಲೆ ಹಾಯುತ್ತದೆ. ಆ ತಿರುವಿನ ಪಟ್ಟಿಗಳಿಗೆ ಈಗ ಬೂದು ಬಣ್ಣ ಬಳಿದಿತ್ತು. ಹೊಸ ಪಟ್ಟಿಗಳು ಬಲಕ್ಕೆ, ಸಡಿಲ ಜಲ್ಲಿಯ ಇಳಿಜಾರಿಗೆ ಕರೆಯುತ್ತಿದ್ದವು.

ಹೊಸ ತಿರುವಿನಲ್ಲಿ ಒಂದರ ಮೇಲೊಂದು ಎರಡು ಪಟ್ಟಿ, ಮೇಲಿನದು ತುಸು ಬಲಕ್ಕೆ ಸರಿದದ್ದು: ಬಲಕ್ಕೆ ತಿರುಗಿ ಅನ್ನುವ ಟ್ರೇಲ್ ಸಂಕೇತ. ಹೊಸಬರಾಗಿದ್ದರೆ ಬಾಣ ಬರೆಯುತ್ತಿದ್ದರು. ಇದು ಗುರುತು ಬಳಿಯಲು ತರಬೇತಿ ಆದವರ ಕೈ. ಫೋಟೊ, ಅಳತೆ, ಇಬ್ಬರು ಸಾಕ್ಷಿಗಳ ಸಹಿ. ಮೈಸೂರಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಮಾಮು ಇದನ್ನೇ ಪಂಚನಾಮೆ ಅನ್ನುತ್ತಿದ್ದರು.

ಸಂಜೆ 4.15, ಆಸ್ಪತ್ರೆ.

"ಗುರುತು ನೋಡ್ಕೋತ ಹೊಂಟಿದ್ದೆ ನೋಡವಾ," ಎಂದರು ಧಾರವಾಡದ ರಮಾಮಣಿ.

"ಮುಂದೆ ಯಾರಿದ್ರು ಆಂಟಿ?"

"ಗುರುರಾಜ. ಹನ್ನೊಂದು ವರ್ಷದಿಂದ ನಮ್ಮ ಲೀಡರ್ ಅಂವ. ಮನ್ಯಾಗ ಹೆಂಡ್ತಿ ಹಿಂದ ನಡೀತಾನ, ಇಲ್ಲಿ ಮಾತ್ರ ಮುಂದ!" ನಗಲು ಹೋಗಿ ನೋವಿಗೆ ಮುಖ ಕಿವುಚಿದರು.

ಗುಂಪಿನಲ್ಲಿ ತರಬೇತಿ ಆದವರು ಇಬ್ಬರೇ: ಗುರುರಾಜ, ಶಿವ್. ಶಿವ್‌ನ ಕಾರಿನ ಡಿಕ್ಕಿಯಲ್ಲಿ ಅರ್ಧ ಡಬ್ಬಿ ನೀಲಿ ಬಣ್ಣ ಸಿಕ್ಕಿತು.

"ವಾಲಂಟಿಯರ್ ಕೆಲಸಕ್ಕೆ ಪಾರ್ಕ್‌ನವರೇ ಕೊಟ್ಟಿದ್ದು, ಮೇಡಂ."

"ಬಣ್ಣ ಬಳಿದಿದ್ದು ಗುರುವಾರ ಅಂತಾರೆ ಪಾರ್ಕ್‌ನವರು. ಅವತ್ತು ಎಲ್ಲಿದ್ರಿ?"

"ವರ್ಕ್ ಫ್ರಮ್ ಹೋಮ್. ಒಬ್ನೇ ಇದ್ದೆ." ಅವನು ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. "ಎಚ್-1ಬಿ ವೀಸಾ ನಂದು. ಒಂಬತ್ತು ವರ್ಷದಿಂದ ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದೀನಿ. ಕೇಸ್ ಆದ್ರೆ ಎಲ್ಲಾ ಮುಗೀತು."

ಗುರುರಾಜರಿಗೆ ಅರವತ್ತೆರಡು. ಮನ್ರೋ ಊರಿನ ಮನೆಯಲ್ಲಿ ಕಾಫಿ ಕೊಟ್ಟು, ತಾವು ಕುಡಿಯದೆ ಕೂತರು.

"ಶಿವ್ ಮಾಡಿರ್ಬಹುದಾ ಅಂಕಲ್?"

"ಹೇಗಮ್ಮಾ ಹೇಳೋದು?" ಎಂದರು.

ಠಾಣೆಯ ಚೀಫ್ ಮಂಗಳವಾರ ಮಧ್ಯಾಹ್ನದವರೆಗೆ ಟೈಮ್ ಕೊಟ್ಟ. ಅಷ್ಟರಲ್ಲಿ ಬೇರೆ ಏನೂ ಸಿಗದಿದ್ದರೆ ಶಿವ್ ಮೇಲೆ ಚಾರ್ಜ್. ಜಕಿಯಾಗೆ ಕೂತಲ್ಲಿ ಕೂರಲಾಗಲಿಲ್ಲ. ಫೋಟೊಗಳನ್ನು ಹರವಿದಳು, ಮಡಿಸಿದಳು, ಮತ್ತೆ ಹರವಿದಳು. ಆಗ ಕಣ್ಣಿಗೆ ಬಿತ್ತು. ಕಲ್ಲಂಚಿನವರೆಗಿನ ಹಳೆ ಪಟ್ಟಿ ಒಂದನ್ನೂ ಬಿಡದೆ ಅಳಿಸಿತ್ತು. ಅಂಚಿನ ಮೇಲಿನ ಐದೂ ಹಾಗೇ ಹೊಳೆಯುತ್ತಿದ್ದವು. ಅಳಿಸಿದವರು ಅಂಚಿನ ಮೇಲೆ ಕಾಲೇ ಇಟ್ಟಿರಲಿಲ್ಲ.

ಮಂಗಳವಾರ ಬೆಳಿಗ್ಗೆ 9.30. ಹಳೆ ದಾರಿ ತೋರಿಸಿ ಎಂದು ಇಬ್ಬರನ್ನೂ ಕರೆದೊಯ್ದಳು. ಶಿವ್ ಯೋಚನೆಯಲ್ಲೇ ಮುಳುಗಿ, ಮನೆ ಮುಂದಿನ ಫುಟ್‌ಪಾತ್ ಅನ್ನುವಂತೆ ಅಂಚು ದಾಟಿ ಆಚೆ ನಿಂತ.

"ಬನ್ನಿ ಅಂಕಲ್," ಎಂದಳು ಜಕಿಯಾ.

ಗುರುರಾಜ ಒಂದು ಹೆಜ್ಜೆ ಇಟ್ಟರು. ಕೈ ಬಂಡೆ ತಡಕಿತು. ಹಣೆಯಲ್ಲಿ ಬೆವರು. ಅಲ್ಲೇ ಕುಕ್ಕರಿಸಿದರು.

"ಎಷ್ಟು ದಿನದಿಂದ?"

"ನವೆಂಬರ್. ಇಲ್ಲೇ ತಲೆ ಗಿರ್ ಅಂತು. ಡಾಕ್ಟ್ರು ವರ್ಟಿಗೋ ಅಂದ್ರು."

"ಗುಂಪಿಗೆ ಹೇಳ್ಬಹುದಿತ್ತಲ್ಲ?"

"ಏನಂತ? ಲೀಡರ್‌ಗೆ ಹೆದರಿಕೆ ಅಂತಲಾ? ಕಂಪನಿ ಮನೆಗೆ ಕಳಿಸಿದ್ಮೇಲೆ ನನ್ನ ಮಾತು ಕೇಳೋ ಜಾಗ ಇದೊಂದೇ ಇತ್ತಮ್ಮಾ." ಅವರು ನೆಲ ನೋಡುತ್ತಿದ್ದರು. "ದಾರೀನೇ ಆ ಕಡೆ ಹೋದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ. ರಮಾಮಣಿ ಬೀಳ್ತಾರೆ ಅಂತ..."

"ಮಧ್ಯಾಹ್ನ ಶಿವ್ ಜೈಲಿಗೆ ಹೋಗ್ತಿದ್ದ. ನೀವು ಸುಮ್ನಿದ್ರಿ."

ಗುರುರಾಜ ಎರಡೂ ಕೈ ಮುಂದೆ ಚಾಚಿದರು.

10.05ಕ್ಕೆ ದಸ್ತಗಿರಿ. ಆರೋಪ: ಪಾರ್ಕಿನ ಗುರುತು ಹಾಳು ಮಾಡಿ ಜನರ ಜೀವಕ್ಕೆ ಅಪಾಯ ತಂದದ್ದು. ರೂಸೋ ತೋಳು ಹಿಡಿದು ಅವರನ್ನು ಇಳಿಸಿಕೊಂಡು ಹೋದ.

ಶಿವ್ ಅಂಚು ದಾಟಿ ವಾಪಸ್ ಬಂದ. ಕಣ್ಣು ಕೆಂಪಾಗಿತ್ತು.

"ಒಂದ್ ಮಾತು ಹೇಳಿದ್ರೆ ಸಾಕಿತ್ತು, ಮೇಡಂ. ಮುಂದೆ ನಾನೇ ಹೋಗ್ತಿದ್ದೆ."

ಗುರುರಾಜ ಹೆದರಿದ್ದು ಈ ಮಾತಿಗೇ ಎಂದು ಜಕಿಯಾ ಅವನಿಗೆ ಹೇಳಲಿಲ್ಲ.