ಬಾಚಲೆ ಸುತ್ತಿದ ತಾಮ್ರದ ತಂತಿ

ಹಿಂದೆ, ಬಹಳ ಹಿಂದೆ, ಹೊಳೆಗೆ ಸೇತುವೆ ಕಟ್ಟುವುದು ಯಾರಿಗೂ ಬರದಿದ್ದ ಕಾಲದಲ್ಲಿ, ಇಮ್ಮಡಿಪುರ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದ ನಟ್ಟನಡುವೆ ಉಕ್ಕುಹೊಳೆ ಹರಿಯುತ್ತಿತ್ತು. ಈ ದಂಡೆಯಲ್ಲಿ ಅರಮನೆ, ಪೇಟೆ. ಆ ದಂಡೆಯಲ್ಲಿ ಹೊಲ, ಹಟ್ಟಿ. ಹೊಳೆಯ ಸೆಳವು ಎಂಥದ್ದೆಂದರೆ, ದೋಣಿ ಇಳಿಸಿದರೆ ಹುಲ್ಲುಕಡ್ಡಿಯ ಹಾಗೆ ಮುರಿದುಹೋಗುತ್ತಿತ್ತು. ಆದರೂ ಜನ ದಿನಾ ದಾಟುತ್ತಿದ್ದರು. ಯಾಕೆಂದರೆ ಹೊಳೆಯ ತಳದಲ್ಲಿ ಒಂದು ಹಿರಿಯಾಮೆ ಇತ್ತು. ಅದು ಎದ್ದು ನಿಂತರೆ ಅದರ ಬೆನ್ನು ಈ ದಂಡೆಯಿಂದ ಆ ದಂಡೆಗೆ ಮುಟ್ಟುತ್ತಿತ್ತು.

ಆಮೆಯನ್ನು ಏಳಿಸುವವನು ಕೇತಯ್ಯ ಎಂಬ ಮುದುಕ. ದಿನಾ ಬೆಳಿಗ್ಗೆ ಹೊಳೆಯ ಕಟ್ಟೆಯ ಮೇಲೆ ಕೂತು ಆರು ತಂತಿಯ ಗಿಟಾರು ನುಡಿಸುತ್ತಿದ್ದ. ಅದರ ತಂತಿಗಳ ಅಡಿಯಲ್ಲಿ ಒಂದು ಸೂಜಿಗಲ್ಲು. ಆ ಕಲ್ಲಿಗೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಐದು ಸಾವಿರ ಸುತ್ತು. ಗಿಟಾರಿನ ತಂತಿ ಮಿಡಿದರೆ ಕಲ್ಲು ಆ ದನಿಯನ್ನು ಹಿಡಿಯುತ್ತಿತ್ತು. ಹಿಡಿದ ದನಿ ಒಂದು ಮಣ್ಣಿನ ಕೊಡದೊಳಗೆ ಹೊಕ್ಕು, ಮಾರ್ದನಿ ಜೊತೆಮಾಡಿಕೊಂಡು ಹೊರಡುತ್ತಿತ್ತು. ಅಲ್ಲಿಂದ ದನಿಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಎಣ್ಣೆಯಿಲ್ಲದೆ ಉರಿಯುವ ಗಾಜಿನ ದೀಪ. ಇರುವೆಯಷ್ಟಿದ್ದ ದನಿಯನ್ನು ಆ ದೀಪ ಆನೆಯಷ್ಟು ಮಾಡುತ್ತಿತ್ತು. ಆ ನಾದ ನೀರಿಗಿಳಿದರೆ ಆಮೆ ಎದ್ದು ಬರುತ್ತಿತ್ತು. ಜನ ಅದರ ಬೆನ್ನ ಮೇಲೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು.

ಕಲ್ಲಿಗೆ ತಂತಿ ಸುತ್ತುವುದು, ದೀಪ ಊದುವುದು, ಕೊಡ ಸುಡುವುದು ಒಂದೇ ಮನೆತನದ ಕಸುಬಾಗಿತ್ತು. ಆ ಮನೆತನದಲ್ಲಿ ಈಗ ಉಳಿದವಳು ಬಾಚಲೆ. ಅವಳಿಗೆ ಹರಿಯಲೆ ಎಂಬ ಐದು ವರ್ಷದ ಮಗಳು.

ಒಂದು ದಿನ ಹರಿಯಲೆ ಅಪ್ಪನ ಕಡೆಯ ಅಜ್ಜಿಯ ಜೊತೆ ಆ ದಂಡೆಗೆ ಹೋದಳು. ಅದೇ ದಿನ ಮಧ್ಯಾಹ್ನ ಕೇತಯ್ಯ ಕಣ್ಣುಮುಚ್ಚಿದ.

ಮರುದಿನ ಬೆಳಿಗ್ಗೆ ಕೇತಯ್ಯನ ತಂಗಿಯ ಮಗ ಮಾಚಯ್ಯ ಕಟ್ಟೆಯ ಮೇಲೆ ಕೂತ. ಅದೇ ಗಿಟಾರು, ಅದೇ ಕೊಡ, ಅದೇ ಪೆಟ್ಟಿಗೆ. ಮಾಚಯ್ಯ ಹದಿನೈದು ವರ್ಷ ಮಾವನ ಕೈಕೆಳಗೆ ಕಲಿತವನು. ಅವನು ನುಡಿಸಿದ. ನೀರು ಅಲುಗಲಿಲ್ಲ. ಮತ್ತೆ ನುಡಿಸಿದ. ಆಮೆ ಏಳಲಿಲ್ಲ.

ಆ ದಂಡೆಯಲ್ಲಿ ಮಾತ್ರ ಒಂದು ಕೆಂಪು ಲಂಗ ಓಡೋಡಿ ನೀರಿನ ಅಂಚಿಗೆ ಬಂದು ನಿಂತಿತು. ಅದು ಹರಿಯಲೆ.

"ದನಿ ಅದಲ್ಲ," ಅಂದ ಗಾಣಿಗರ ಮುದುಕ. "ಕೇತಯ್ಯನ ದನಿ ಗಂಟೆ ಹೊಡೆದ ಹಾಗಿತ್ತು. ಇದು ಮಂಕು."

"ನಿನಗೆಲ್ಲೋ ಭ್ರಾಂತು," ಅಂದಳು ಹೂವಿನವಳು. "ಅವನದು ಜೇನಿನ ಹಾಗೆ ಮಂದವಾಗಿತ್ತು. ಇದು ಕಿರ್ ಅನ್ನುತ್ತೆ."

"ಗಂಟೆಯೂ ಅಲ್ಲ, ಜೇನೂ ಅಲ್ಲ, ಗುಡುಗು!" ಅಂದ ಇನ್ನೊಬ್ಬ.

ರಾಜ ಬೊಪ್ಪದೇವ ಬಾಚಲೆಯನ್ನು ಕರೆಸಿದ. "ಏನವ್ವಾ, ತಂತಿ ಸುತ್ತಿದವಳು ನೀನು. ನೀನು ಹೇಳು. ಕೇತಯ್ಯನ ದನಿ ಹೇಗಿತ್ತು?"

ಬಾಚಲೆ ಬಾಯಿ ತೆರೆದಳು. ನೆನ್ನೆ ಬೆಳಿಗ್ಗೆ ಕೇಳಿದ ದನಿ. ಹುಟ್ಟಿದಾಗಿನಿಂದ ಕೇಳಿದ ದನಿ. ನೆನಪಿಗೆ ಕೈ ಹಾಕಿದರೆ ಹಿಟ್ಟಿನೊಳಗೆ ಕೈಯಿಟ್ಟ ಹಾಗೆ, ಏನೂ ಸಿಗಲಿಲ್ಲ. "ಗೊತ್ತಾಗುತ್ತಿಲ್ಲ, ಮಹಾಸ್ವಾಮಿ," ಅಂದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು.

ಆಗ ಗುಂಪಿನ ಹಿಂದಿನಿಂದ ಒಬ್ಬ ಮುಂದೆ ಬಂದ. ಬೂದಿಬಣ್ಣದ ನಿಲುವಂಗಿ, ಹೊಗೆ ತುಂಬಿದ ಹಾಗಿದ್ದ ಕಣ್ಣು. ಅವನು ಗುಡ್ಡದ ಗವಿಯಲ್ಲಿದ್ದ ಮಾಂತ್ರಿಕ, ಮಬ್ಬುಗಣ್ಣ.

"ಸಾಮಾನು ಹಳೆಯದಾಗಿದೆ, ಪ್ರಭೂ," ಅಂದ ಅವನು. "ಕಲ್ಲು ಸತ್ತಿದೆ. ಉತ್ತರದ ಕಾಡಿನಲ್ಲಿ ಆದಿಕಾಲದ ಸೂಜಿಗಲ್ಲಿದೆ. ಈಕೆ ಅದನ್ನು ತಂದು ಕೂರಿಸಲಿ. ಹಳೆಯದನ್ನು ತನ್ನ ಕೈಯಾರೆ ನನಗೆ ಕೊಡಲಿ. ಸತ್ತ ಕಲ್ಲು ಊರಲ್ಲಿರಬಾರದು."

ಬಾಚಲೆ ಉತ್ತರದ ಕಾಡಿಗೆ ಹೋದಳು.

ಅಲ್ಲಿ ಮನೆಯೆತ್ತರದ ಒಂದು ಸೂಜಿಗಲ್ಲಿನ ಬಂಡೆ. ಅದನ್ನು ಕಾಯುವುದಕ್ಕೆ ಕಬ್ಬಿಣದ ಕರಡಿ. ಕರಡಿ ಕಟಕಟ ಸದ್ದು ಮಾಡುತ್ತಾ ಅಟ್ಟಿಸಿಕೊಂಡು ಬಂತು. ಬಾಚಲೆ ಓಡಿದಳು, ಬಂಡೆಯ ಸುತ್ತ ಓಡಿದಳು. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ಕರಡಿ ಬಂಡೆಗೆ ತೀರಾ ಹತ್ತಿರ ಬಂತು, ಫಟ್ ಅಂತ ಅದರ ಪಕ್ಕೆ ಬಂಡೆಗೆ ಅಂಟಿಕೊಂಡಿತು. "ಇನ್ನು ನಾನೇನು ಮಾಡಲಿ?" ಅಂತ ಕರಡಿ ಕೇಳಿತು. "ನನಗೇ ಗೊತ್ತಿಲ್ಲ, ನಿನಗೇನು ಹೇಳಲಿ?" ಅಂದಳು ಬಾಚಲೆ. ಬಂಡೆಯಿಂದ ಒಂದು ಚೂರು ಕೆತ್ತಿಕೊಂಡು ಬಂದಳು.

ಹೊಸ ಕಲ್ಲಿಗೆ ತಂತಿ ಸುತ್ತಿ ಕೂರಿಸಿದಳು. ಹಳೆಯ ಕಲ್ಲನ್ನು ಮಬ್ಬುಗಣ್ಣನ ಕೈಗಿಟ್ಟಳು. ಮಾಚಯ್ಯ ನುಡಿಸಿದ. ಗಾಣಿಗರ ಮುದುಕ, "ಇದೇ!" ಅಂದ. ಉಳಿದವರು, "ಅಲ್ಲವೇ ಅಲ್ಲ," ಅಂದರು. ಆಮೆ ಏಳಲಿಲ್ಲ. ಆ ದಂಡೆಯಲ್ಲಿ ಕೆಂಪು ಲಂಗ ಕಾಣಿಸಿತು. ಇವತ್ತು ಓಡಿ ಬರಲಿಲ್ಲ, ದೂರದಲ್ಲೇ ನಿಂತಿತು. 'ಮಗು ಸೋತಿರಬೇಕು' ಅಂದುಕೊಂಡಳು ಬಾಚಲೆ.

"ಕಲ್ಲು ಸರಿಹೋಯಿತು," ಅಂದ ಮಬ್ಬುಗಣ್ಣ. "ದೀಪ ಸತ್ತಿದೆ. ಪಡುವಣ ಗುಡ್ಡದಲ್ಲಿ ಆದಿಕಾಲದ ದೀಪವಿದೆ. ತಂದು ಕೂರಿಸು. ಹಳೆಯದನ್ನು ಕೈಯಾರೆ ನನಗೆ ಕೊಡು."

ಬಾಚಲೆ ಪಡುವಣ ಗುಡ್ಡಕ್ಕೆ ಹೋದಳು. ದೀಪದ ಸುತ್ತ ಗಾಜಿನ ಹಾವುಗಳು ಸುರುಳಿ ಸುತ್ತಿ ಮಲಗಿದ್ದವು. ಒಂದೊಂದೂ ಹೆಡೆಯೆತ್ತಿ ನೋಡಿತು. ಬಾಚಲೆ ಗಾಜು ಊದುವ ಮನೆಯವಳು. ಎದೆ ತುಂಬ ಉಸಿರು ಎಳೆದು ಬಿಸಿಯಾಗಿ ಅವುಗಳ ಮೇಲೆ ಬಿಟ್ಟಳು. ಗಾಜಿನ ಕಣ್ಣುಗಳೆಲ್ಲ ಮಂಜುಕಟ್ಟಿದವು. ಹಾವುಗಳು ಕಾಣದೆ ಒಂದಕ್ಕೊಂದು ಢಿಕ್ಕಿ ಹೊಡೆದು, "ಯಾರು ಅದು? ನೀನಾ? ನಾನಾ?" ಅಂತ ಕೇಳಿಕೊಂಡವು. ಅವಳು ದೀಪ ಎತ್ತಿಕೊಂಡು ಇಳಿದು ಬಂದಳು.

ಹೊಸ ದೀಪ ಕೂರಿಸಿದಳು, ಹಳೆಯದನ್ನು ಕೊಟ್ಟಳು. ಮಾಚಯ್ಯ ನುಡಿಸಿದ. ಈಗ ಹೂವಿನವಳು, "ಇದೇ!" ಅಂದಳು. ಗಾಣಿಗರ ಮುದುಕ ಅವಳ ಮೇಲೆ ಜಗಳಕ್ಕೆ ಹೋದ. ಬಾಚಲೆಯ ಕಿವಿಗೆ ಒಮ್ಮೆ ಅದೇ ಅನ್ನಿಸುತ್ತಿತ್ತು, ಒಮ್ಮೆ ಅಲ್ಲ ಅನ್ನಿಸುತ್ತಿತ್ತು. ಮಾಚಯ್ಯ, "ಅಕ್ಕಾ, ನನ್ನ ಬೆರಳೇ ನನ್ನದಲ್ಲ ಅನ್ನಿಸ್ತಿದೆ," ಅಂತ ಅತ್ತೇಬಿಟ್ಟ. ಆಮೆ ಏಳಲಿಲ್ಲ. ಆ ದಂಡೆಯಲ್ಲಿ ಮಗಳು ಕೂತಲ್ಲಿಂದ ಮೇಲೇಳಲಿಲ್ಲ.

"ದೀಪ ಸರಿಹೋಯಿತು," ಅಂದ ಮಬ್ಬುಗಣ್ಣ. "ಕೊಡ ಸತ್ತಿದೆ. ತೆಂಕಣ ಬಯಲಿನ ಮಾರ್ದನಿ ಬಾವಿಯಲ್ಲಿ ಇನ್ನೊಂದಿದೆ."

ಬಾಚಲೆ ತೆಂಕಣ ಬಯಲಿಗೆ ಹೋದಳು. ಬಾವಿಯ ದಂಡೆಯ ಮೇಲೆ ಒಂದು ಮೈನಾ ಹಕ್ಕಿ. ಅದು ಕೂಗಿತು. ಬಾವಿಯೂ ಕೂಗಿತು. ಬಯಲೂ ಕೂಗಿತು.

"ಮೂರು ಕೂಗಿನಲ್ಲಿ ನನ್ನದು ಯಾವುದು? ಸರಿಯಾಗಿ ಹೇಳಿದರೆ ಕೊಡ ನಿನ್ನದು. ಸುಳ್ಳು ಹೇಳಿದರೆ ಬಾವಿಯ ಪಾಲು," ಅಂದಿತು ಮೈನಾ.

ಬಾಚಲೆ ಕಿವಿಗೊಟ್ಟಳು. ಮೊದಲನೆಯದು ಅನ್ನಿಸಿತು, ಮೂರನೆಯದು ಅನ್ನಿಸಿತು. ಸೋತು ನೆಲದ ಮೇಲೆ ಕೂತಳು. "ನನಗೆ ಗೊತ್ತಿಲ್ಲವೇ ತಾಯಿ. ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಹೋಗಿದೆ. ಮಗಳು ಆ ದಂಡೆಯಲ್ಲಿದ್ದಾಳೆ. ಎಂಟು ದಿನವಾಯಿತು."

ಮೈನಾ ಅವಳ ಹೆಗಲ ಮೇಲೆ ಬಂದು ಕೂತಿತು. "ಇಲ್ಲಿಗೆ ಬಂದವರೆಲ್ಲ ಗೊತ್ತು ಗೊತ್ತು ಅಂತಲೇ ಬಾವಿಗೆ ಬಿದ್ದರು. ನೀನು ನಿಜ ಹೇಳಿದೆ. ಕೊಡ ತಗೊ. ಇನ್ನೊಂದು ಮಾತು. ನಿನ್ನ ಕಿವಿ ಕೆಟ್ಟಿಲ್ಲ, ಅದರಲ್ಲಿ ಯಾರೋ ಮಬ್ಬು ಊದಿದ್ದಾರೆ. ಯಾರಂತ ನಾನು ಹೇಳಬಾರದು, ನಾನು ಅವನ ಕಟ್ಟಿಗೆ ಸಿಕ್ಕವಳು."

ದಾರಿಯುದ್ದಕ್ಕೂ ಬಾಚಲೆ ಆ ಮಾತನ್ನೇ ತಿರುವಿ ತಿರುವಿ ನೋಡಿದಳು. ತಲೆಬುಡ ತಿಳಿಯಲಿಲ್ಲ. ಊರಿಗೆ ಬಂದು ಹೊಸ ಕೊಡ ಇಟ್ಟಳು. ಮಾಚಯ್ಯ ನುಡಿಸಿದ. ಈ ದಂಡೆಯಲ್ಲಿ ಮತ್ತೆ ಗದ್ದಲ. ಬಾಚಲೆ ಆ ದಂಡೆಯನ್ನೇ ನೋಡುತ್ತಿದ್ದಳು. ಹರಿಯಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಬೆನ್ನು ತಿರುಗಿಸಿ, ಹಟ್ಟಿಯ ಕಡೆಗೆ ನಡೆದುಬಿಟ್ಟಳು.

ಬಾಚಲೆ ಎದ್ದು ನಿಂತಳು.

ಮೊದಲ ದಿನ ಹಳೆಯ ಸಾಮಾನಿನಲ್ಲಿ ನುಡಿಸಿದಾಗ ಮಗಳು ಓಡಿ ಬಂದಿದ್ದಳು. ಕಲ್ಲು ಬದಲಾದಾಗ ದೂರ ನಿಂತಳು. ದೀಪ ಬದಲಾದಾಗ ಏಳಲೇ ಇಲ್ಲ. ಮಬ್ಬು ಊದಿದ್ದು ಈ ದಂಡೆಯವರ ಕಿವಿಗೆ. ಆ ದಂಡೆಯವರಿಗಲ್ಲ. ಹಾಗಾದರೆ ಮೊದಲ ದಿನದ ದನಿಯೇ ಸರಿಯಾದ ದನಿ! ದನಿ ಸರಿಯಿದ್ದೂ ಆಮೆ ಏಳಲಿಲ್ಲವೆಂದರೆ ಆಮೆಗೆ ಕೇಳಿಸಿಲ್ಲ. ಹಳೆಯ ಸಾಮಾನು ಬೇಕಾದ್ದು ಯಾರಿಗೆ? ಕೈಯಾರೆ ಕೊಡು, ಕೈಯಾರೆ ಕೊಡು ಅಂದದ್ದು ಯಾರು?

ಅವಳ ಮನೆತನದಲ್ಲಿ ಒಂದು ಮಾತಿತ್ತು: ಕದ್ದ ಕಲ್ಲು ಬರೀ ಕಲ್ಲು, ಮಾಡಿದವರು ಕೊಟ್ಟ ಕಲ್ಲಿಗೇ ಜೀವ. ಮಕ್ಕಳಿಗೆ ಕಳ್ಳತನ ಬೇಡವೆನ್ನಲು ಹೇಳುವ ಮಾತು ಅಂದುಕೊಂಡಿದ್ದಳು. ಅಲ್ಲ, ಅದು ನಿಜವೇ ಆಗಿತ್ತು.

ಬಾಚಲೆ ಯಾರಿಗೂ ಏನೂ ಹೇಳಲಿಲ್ಲ. ಹಳೆಯ ಕೊಡ ಹೊತ್ತುಕೊಂಡು ಮಬ್ಬುಗಣ್ಣನ ಗವಿಗೆ ನಡೆದಳು. ಒಳಗೆ ಎಲುಬಿನ ಗಿಟಾರು. ಅದರಲ್ಲಿ ಅವಳ ಅಜ್ಜಿಯ ಕಾಲದ ಕಲ್ಲು. ಪಕ್ಕದಲ್ಲಿ ಅವಳ ತಾಯಿ ಊದಿದ ದೀಪ.

"ಕೊಡ ತಂದಿದ್ದೀನಿ ಸ್ವಾಮಿ," ಅಂದಳು. "ಆದರೆ ಕಲ್ಲಿನ ತಂತಿ ಹರಿದಿರಬೇಕಲ್ಲ? ಕಲ್ಲು ಕೊಟ್ಟು ನಾಲ್ಕು ದಿನವಾಯಿತು, ನಿಮ್ಮ ಗವಿಯಿಂದ ಒಂದು ದನಿ ಕೇಳಲಿಲ್ಲ."

ಮಬ್ಬುಗಣ್ಣನ ಮುಖ ಕಪ್ಪಿಟ್ಟಿತು. ಅವಸರದಲ್ಲಿ ಕಲ್ಲು ತುರುಕುವಾಗ ತಂತಿ ಹರಿದದ್ದು ನಿಜ. "ನಿನಗೆ ಸುತ್ತಲು ಬರುತ್ತದಲ್ಲ, ಸುತ್ತು," ಅಂದ.

"ಒಂದು ಸುರುಳಿ ಸುತ್ತಿದರೆ ಆಮೆಗೆ ಸಾಕು. ದೊಡ್ಡವರಿಗೆ ದೊಡ್ಡ ದನಿ ಬೇಡವೇ? ಎರಡು ಸುರುಳಿ ಸುತ್ತಿಕೊಡುತ್ತೀನಿ."

ಮಾಂತ್ರಿಕ ಹಿಗ್ಗಿದ. ಬಾಚಲೆ ನೆಲದ ಮೇಲೆ ಕೂತು ಸುತ್ತಿದಳು. ಮೊದಲ ಸುರುಳಿ ಅಜ್ಜಿಯ ಲೆಕ್ಕದ ಹಾಗೆ, ಬಲಕ್ಕೆ ಐದು ಸಾವಿರ. ಎರಡನೆಯದು ಅಷ್ಟೇ ಸುತ್ತು, ಆದರೆ ಎಡಕ್ಕೆ. ಬಲಕ್ಕೊಂದು ಎಡಕ್ಕೊಂದು ಸುತ್ತಿ ತುದಿ ಕೂಡಿಸಿದರೆ ಒಂದು ಹಿಡಿದ ದನಿಯನ್ನು ಇನ್ನೊಂದು ನುಂಗುತ್ತದೆ. ಕಸುಬು ಕಲಿಯುವವರು ಮೊದಲ ತಿಂಗಳು ಮಾಡುವ ತಪ್ಪು ಅದು. ತಾಯಿ ಅವಳಿಗೆ ಆ ತಪ್ಪಿಗಾಗಿ ಎಷ್ಟೋ ಸಲ ಬೆರಳಗಂಟಿಗೆ ಹೊಡೆದಿದ್ದಳು. ಇಂದು ಬಾಚಲೆ ಅದನ್ನು ಬೇಕೆಂದೇ, ಅಚ್ಚುಕಟ್ಟಾಗಿ ಮಾಡಿದಳು.

ಮಬ್ಬುಗಣ್ಣ ಎಲ್ಲವನ್ನೂ ಹೊತ್ತುಕೊಂಡು ಹೊಳೆಯ ಕಟ್ಟೆಗೆ ಬಂದ. ಮಾಚಯ್ಯನನ್ನು ತಳ್ಳಿ ತಾನು ಕೂತ. ನೀರಿನ ಕಡೆ ಕೈ ಚಾಚಿ, "ಬಾ ಮೇಣವೇ," ಅಂದ. ಹೊಳೆಯಿಂದ ಗಾಡಿಚಕ್ರದಷ್ಟು ದೊಡ್ಡ ಎರಡು ಮೇಣದ ಮುದ್ದೆಗಳು ಮೇಲೆ ಬಂದು ತೇಲಿಹೋದವು. ಅವು ಹಿರಿಯಾಮೆಯ ಕಿವಿಗೆ ಅವನು ಮೆತ್ತಿದ್ದ ಮೇಣ.

"ಕೇಳಿರಿ!" ಅಂತ ಕೂಗಿದ. "ಇನ್ನು ಆಮೆ ನನ್ನದು. ಅದರ ಬೆನ್ನೇರಿ ನಾನು ಅರಮನೆ ತುಳಿಸುತ್ತೇನೆ. ದಾಟಬೇಕಾದವರು ನನ್ನ ಕಾಲು ಹಿಡಿಯಬೇಕು!"

ರಾಜ ಕತ್ತಿಗೆ ಕೈ ಹಾಕಿದ. "ಸ್ವಲ್ಪ ತಾಳಿ, ಮಹಾಸ್ವಾಮಿ," ಅಂದಳು ಬಾಚಲೆ. ಬಲ ಎಡ ಸರಿಯಾಗಿ ಸುತ್ತಿದೆನೇ? ಮಬ್ಬು ಹಿಡಿದ ತಲೆಯಲ್ಲಿ ಲೆಕ್ಕ ತಪ್ಪಿತೇ?

ಮಾಂತ್ರಿಕ ಆರು ತಂತಿಗಳ ಮೇಲೆ ಬಾಗಿ, ವಶೀಕರಣದ ಮಂತ್ರ ಉಸುರುತ್ತಾ ಬಲವಾಗಿ ಮೀಟಿದ.

ಸದ್ದೇ ಇಲ್ಲ.

ಇನ್ನೂ ಬಲವಾಗಿ ಮೀಟಿದ, ಇನ್ನೂ ಜೋರಾಗಿ ಮಂತ್ರ ಹೇಳಿದ. ತುಟಿ ಆಡಿತು, ಮಾತು ಬರಲಿಲ್ಲ. ಎರಡು ಸುರುಳಿಗಳೂ ಮಂತ್ರವನ್ನು ನುಂಗುತ್ತಾ ಹೋದವು. ಹೊರಗೆ ಹೋಗಲಾರದ ಮಂತ್ರ ಹೇಳಿದವನಿಗೇ ಸುತ್ತಿಕೊಂಡಿತು. ಮೊದಲು ಅವನ ಕಾಲು ಹೊಗೆಯಾಯಿತು, ಆಮೇಲೆ ನಿಲುವಂಗಿ, ಆಮೇಲೆ ಕಣ್ಣು. ಹೊಳೆಯ ಗಾಳಿ ಬೀಸಿತು. ಕಟ್ಟೆಯ ಮೇಲೆ ಎಲುಬಿನ ಗಿಟಾರು ಒಂದೇ ಉಳಿಯಿತು.

ಎಲ್ಲರ ಕಿವಿಯಲ್ಲಿ ನೀರು ಹೊರಬಂದ ಹಾಗೆ ಪಟ್ ಅಂದಿತು. ಬಾಚಲೆಗೆ ಹೊಳೆಯ ಮೊರೆತ ಕೇಳಿಸಿತು, ಗುಬ್ಬಿಗಳು ಕೇಳಿಸಿದವು. ಕೇತಯ್ಯನ ದನಿ ಹೇಗಿತ್ತೆಂದು ನೆನಪಾಗಿ ಅವಳ ಕಣ್ಣು ತುಂಬಿತು.

ಎಡದ ಸುರುಳಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು ಬಿಸಾಡಿದಳು. ಕಲ್ಲನ್ನು ಕೇತಯ್ಯನ ಗಿಟಾರಿಗೆ ಕೂರಿಸಿದಳು. ಹಳೆಯ ಕೊಡ ಇಟ್ಟಳು, ಹಳೆಯ ದೀಪ ಹಚ್ಚಿದಳು. "ನುಡಿಸಪ್ಪಾ," ಅಂದಳು.

ಮಾಚಯ್ಯ ನುಡಿಸಿದ. ಹೊಳೆ ಉಬ್ಬಿತು, ನೀರು ಎರಡು ಕಡೆಗೂ ಜಾರಿತು, ಪಾಚಿ ಕಟ್ಟಿದ ಹಸಿರು ಬೆನ್ನು ಮೇಲೆ ಬಂತು. ಅದು ಈ ದಂಡೆಯಿಂದ ಆ ದಂಡೆಗೆ ಮುಟ್ಟಿತು.

ಬೆನ್ನು ಪೂರ್ತಿ ಮೇಲೇಳುವ ಮೊದಲೇ ಹರಿಯಲೆ ಓಡಿ ಬಂದಳು. ಅಜ್ಜಿ ಹಿಂದಿನಿಂದ ಬೈಯುತ್ತಾ ಬಂದಳು. ಬಾಚಲೆ ನಡುಹೊಳೆಯಲ್ಲೇ ಮಗಳನ್ನು ಬಾಚಿ ಎತ್ತಿಕೊಂಡಳು.

"ಅವ್ವಾ," ಅಂದಳು ಮಗಳು, ಕೋಪದಿಂದ. "ಮೊದಲ ದಿನ ಅಷ್ಟು ಚೆನ್ನಾಗಿತ್ತು. ಆಮೇಲೆ ಯಾಕೆ ಅಷ್ಟು ಕೆಟ್ಟದಾಗಿ ನುಡಿಸಿದ್ರಿ?"

"ಕೇಳೋಕೆ ನೀನು ಇರಲಿಲ್ಲವಲ್ಲೇ," ಅಂದಳು ಬಾಚಲೆ.

ಅವತ್ತೇ ತೆಂಕಣ ಬಯಲಿನ ಮೈನಾ ಕಟ್ಟು ಬಿಚ್ಚಿ ಹಾರಿತು, ಕಬ್ಬಿಣದ ಕರಡಿ ಬಂಡೆಯಿಂದ ಕಳಚಿಕೊಂಡಿತು, ಗಾಜಿನ ಹಾವುಗಳಿಗೆ ತಮ್ಮ ಗುರುತು ಸಿಕ್ಕಿತು. ಗಾಣಿಗರ ಮುದುಕ, ಹೂವಿನವಳು ಒಂದೇ ಗಾಡಿಯಲ್ಲಿ ಕೂತು ಹೊಳೆ ದಾಟಿದರು. ಮಾಚಯ್ಯ ಮುದುಕನಾಗುವವರೆಗೂ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನುಡಿಸಿದ. ಆಮೆ ದಿನಾ ಎದ್ದಿತು. ಎರಡು ದಂಡೆಯವರೂ ಉಂಡುಟ್ಟು, ಹೋಗಿ ಬಂದು, ನೂರು ವರ್ಷ ನೆಮ್ಮದಿಯಾಗಿ ಬಾಳಿದರು.